ಬಂಗ್ಲಾ ಕ್ರಾಸಿನಲ್ಲಿ ಕಾದ ಮಧ್ಯಾಹ್ನ

ಹೋದ ವಾರ ಟಿವಿಯಲ್ಲಿ ಯುದ್ಧದ ಸುದ್ದಿ ಬರುವಾಗ ಮೊಮ್ಮಕ್ಕಳು ನೀವು ಕೇಳಿದಿರಿ, "ಆಯಿ, ನೀ ಯುದ್ಧ ನೋಡಿಯೇನ?" ಅಂತ. ನಾನು ಇಲ್ಲ ಅಂದು ಒಳಗೆ ಹೋದೆ. ನಾಲ್ಕು ಮಂದಿ ನಡುವೆ ಕೂತು ಹೇಳುವುದು ನನ್ನಿಂದ ಆಗುವುದಿಲ್ಲ, ನಿಮಗೆ ಗೊತ್ತೇ ಇದೆ. ಬರೆಯುವಾಗ ಯಾರೂ ಮುಖ ನೋಡುವುದಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ನಿರ್ಣಾದ ಶಾಲೆಯಲ್ಲಿ ಏಳನೇ ಇಯತ್ತೆಯ ತನಕ ಕಲಿತ ಕನ್ನಡ ನನ್ನದು. ತಪ್ಪಿದ್ದಲ್ಲಿ ತಿದ್ದಿಕೊಂಡು ಓದಿ.

ಕಾರ್ಗಿಲ್ ಯುದ್ಧ ನಡೆದ ವರ್ಷ ನಾನು ಬಸವಕಲ್ಯಾಣದಲ್ಲಿ ವಿಶ್ವವಿದ್ಯಾಲಯದ ಒಂದು ಸಣ್ಣ ಕೇಂದ್ರದಲ್ಲಿ ಆಯಾ ಆಗಿದ್ದೆ. ಕಸ ಹೊಡೆಯುವುದು, ಕೊಡ ತುಂಬುವುದು, ಚಹಾ ಮಾಡಿ ಕೊಡುವುದು ಕೆಲಸ. ಅಲ್ಲಿ ಎಲ್ಲರೂ ನನ್ನನ್ನು ಮೌಶಿ ಅನ್ನುತ್ತಿದ್ದರು. ಬಾಡಿಗೆಯ ಹಳೇ ಕಟ್ಟಡ. ನಡುವೆ ಉದ್ದನೆಯ ವರಾಂಡ, ಅದರ ಒಂದು ತುದಿಗೆ ಗಂಡಸರ ಕೋಣೆ, ಇನ್ನೊಂದು ತುದಿಗೆ ಹೆಣ್ಣುಮಕ್ಕಳ ಕೋಣೆ. ಯಾರೂ ಹಾಗೆ ಹಲಗೆ ಬರೆದು ಹಾಕಿರಲಿಲ್ಲ, ಆದರೂ ಈ ಕಡೆಯವರು ಆ ಕಡೆ ಕೂರುತ್ತಿರಲಿಲ್ಲ. ಮೆಟ್ಟಿಲ ಕೆಳಗೆ ನನ್ನ ಸ್ಟೋವು. ಒಂದೇ ಕೆಟಲಿಯಲ್ಲಿ ಚಹಾ ಇಳಿಸಿ ಮೊದಲು ಗಂಡಸರಿಗೆ ಕೊಟ್ಟು, ಉಳಿದದ್ದಕ್ಕೆ ಶುಂಠಿ ಜಜ್ಜಿ ಹಾಕಿ ಮತ್ತೊಮ್ಮೆ ಕುದಿಸಿ ಹೆಣ್ಣುಮಕ್ಕಳಿಗೆ ಒಯ್ಯುತ್ತಿದ್ದೆ. ಎರಡೂ ಕೋಣೆಗೆ ದಿನಾ ಹೋಗಿ ಬರುವವಳು ನಾನೊಬ್ಬಳೇ.

ಆ ಕೇಂದ್ರದಲ್ಲಿ ಇಬ್ಬರ ಮನೆಯವರು ಮಿಲಿಟರಿಯಲ್ಲಿದ್ದರು. ಒಬ್ಬರು ಇತಿಹಾಸ ಕಲಿಸುವ ಸಣ್ಣ ಮೇಡಂ. ಬಾಗಲಕೋಟೆ ಕಡೆಯವರು, ಹುಮನಾಬಾದಿಗೆ ಸೊಸೆಯಾಗಿ ಬಂದವರು. ನಾನೂ ಆಗ ಹುಮನಾಬಾದಿನಲ್ಲೇ ಇದ್ದೆನಾದ್ದರಿಂದ ಇಬ್ಬರೂ ಒಂದೇ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆವು. ಅವರ ಯಜಮಾನರು ಆ ಬೇಸಿಗೆಯಲ್ಲಿ ರಜೆಗೆ ಬಂದಿದ್ದರು. ವಾಪಸು ಬಾ ಅಂತ ತಾರು ಬಂದ ದಿನವೇ ಚೀಲ ಕಟ್ಟಿಕೊಂಡು ಸೊಲ್ಲಾಪುರದ ಬಸ್ಸು ಹತ್ತಿದರು. ಇನ್ನೊಬ್ಬರು ನಮ್ಮ ಹೆಡ್‌ಕ್ಲಾರ್ಕ್ ಸಾಹೇಬರು. ಕಲ್ಯಾಣದವರೇ, ನಿವೃತ್ತಿಗೆ ಹತ್ತಿರ ಬಂದವರು. ಅವರ ಒಬ್ಬನೇ ಮಗ ಕಾರ್ಗಿಲ್ಲಿನ ಗುಡ್ಡಗಳ ಕಡೆ ಇದ್ದ.

ಗಂಡಸರ ಕೋಣೆಯಲ್ಲಿ ಒಂದು ರೇಡಿಯೊ ಇತ್ತು. ಯುದ್ಧ ಶುರುವಾದ ಮೇಲೆ ಅದು ಬಂದ್ ಆಗಿದ್ದೇ ಕಡಿಮೆ. ನಾನು ಚಹಾ ಒಯ್ದಾಗ ಅಲ್ಲಿ ಜಗಳದ ಹಾಗೆ ಮಾತು ನಡೆದಿರುತ್ತಿತ್ತು. ಯಾವ ಗುಡ್ಡ ಬಂತು, ಯಾವುದು ಹೋಯಿತು, ತಾವು ಅಲ್ಲಿದ್ದಿದ್ದರೆ ಹೇಗೆ ಹತ್ತುತ್ತಿದ್ದೆವು ಅಂತ ಮೇಜಿನ ಮೇಲೆ ಡಸ್ಟರು, ಸೀಮೆಸುಣ್ಣ ಇಟ್ಟು ತೋರಿಸುತ್ತಿದ್ದರು. ಯುದ್ಧದ ಮಾತು ಮುಗಿದರೆ ಬೇರೆ ಜಗಳ. ಫ್ಯಾನು ಜೋರಾಯಿತು, ನನ್ನ ಕುರ್ಚಿ ಯಾರು ಸರಿಸಿದರು, ಚಹಾಕ್ಕೆ ಸಕ್ಕರೆ ಯಾಕೆ ಕಡಿಮೆ. ಎಂದೂ ದನಿ ಏರಿಸದ ಕನ್ನಡದ ಮೇಷ್ಟ್ರು ಒಂದು ದಿನ ಕಿಟಕಿಯ ಚಿಲಕದ ಸಲುವಾಗಿ ಇನ್ನೊಬ್ಬರ ಅಂಗಿ ಹಿಡಿದರು.

ಈ ಕಡೆ ಕೋಣೆಯಲ್ಲಿ ಸದ್ದೇ ಇರುತ್ತಿರಲಿಲ್ಲ. ಒಬ್ಬರಿಗೆ ತಲೆನೋವು, ಒಬ್ಬರಿಗೆ ಬೆನ್ನು. ಸೋಮವಾರ ಒಂದೇ ಇದ್ದ ಉಪವಾಸ ಗುರುವಾರಕ್ಕೂ ಬಂತು. ಗ್ರಂಥಾಲಯ ನೋಡಿಕೊಳ್ಳುವ ಅಕ್ಕನ ಮನೆಯವರು ಯಾರೂ ಮಿಲಿಟರಿಯಲ್ಲಿ ಇರಲಿಲ್ಲ, ಆದರೂ ಆಕೆ ಡಬ್ಬಿ ಬಿಚ್ಚಿ ಎರಡು ತುತ್ತು ತಿಂದು ಮುಚ್ಚಿಬಿಡುತ್ತಿದ್ದಳು. ಸಣ್ಣ ಮೇಡಂ ಮಾತ್ರ ಎಲ್ಲರಿಗಿಂತ ಹೆಚ್ಚು ಕೆಲಸ ಮಾಡುತ್ತಿದ್ದರು. ತಮ್ಮ ಪಾಠ ಮುಗಿಸಿ ಬೇರೆಯವರ ಉತ್ತರಪತ್ರಿಕೆಗಳನ್ನೂ ಎಳೆದುಕೊಂಡು ಕೂರುತ್ತಿದ್ದರು.

ಅವರ ಮೇಲೆ ಎಲ್ಲರ ಕಣ್ಣಿತ್ತು. ನಿರ್ದೇಶಕರು ಒಂದು ದಿನ ಗಂಡಸರ ಕೋಣೆಗೆ ಬಂದು, "ಹೆಣ್ಣಮಕ್ಕಳು ಹೆದರಕೋತಾರ. ಅವರ ಮುಂದ ಈ ಮಾತು ಬ್ಯಾಡ್ರಿ" ಅಂದರು. ಒಳ್ಳೆಯ ಮನಸ್ಸಿನಿಂದಲೇ ಅಂದರು. ಅಂದಿನಿಂದ ಸಣ್ಣ ಮೇಡಂ ವರಾಂಡಕ್ಕೆ ಬಂದರೆ ಸಾಕು, ರೇಡಿಯೊ ಟಪ್ಪನೆ ಬಂದ್ ಆಗುತ್ತಿತ್ತು. ಮಾತು ಅರ್ಧಕ್ಕೆ ಉಳಿದಿದ್ದರೆ ಉರ್ದುವಿಗೆ ಹೊರಳುತ್ತಿತ್ತು. ಬಾಗಲಕೋಟೆಯ ಮೇಡಮ್ಮಿಗೆ ಉರ್ದು ತಿಳಿಯದು ಅಂತ ಅವರಿಗೆ ಗೊತ್ತು. ನನಗೆ ತಿಳಿಯುತ್ತದೋ ಇಲ್ಲವೋ ಅಂತ ಯಾರೂ ವಿಚಾರ ಮಾಡಿರಲಿಲ್ಲ. ನಮ್ಮ ಓಣಿಯಲ್ಲಿ ಅರ್ಧ ಮಂದಿಯ ಮನೆಮಾತೇ ಅದು, ನಾನು ಸಣ್ಣವಳಿದ್ದಾಗಿನಿಂದ ಕೇಳಿದ್ದೆ.

ಬಸ್ಸಿನಲ್ಲಿ ಒಂದು ಸಂಜೆ ಮೇಡಂ ಕೇಳಿದರು. "ಮೌಶಿ, ನಾ ಬಂದ ಕೂಡಲೆ ರೇಡಿಯೊ ಯಾಕ ಆರಸ್ತಾರ?"

"ನಿಮಗ ಸಂಕಟ ಆಗಬಾರದಂತ್ರಿ."

"ಮನ್ಯಾಗ ಅತ್ತಿಯವರು ಟಿವಿಗೆ ಚಾದರ ಹೊಚ್ಚ್ಯಾರ. ಇಲ್ಲಿ ಇವರು ರೇಡಿಯೊ ಆರಸ್ತಾರ. ಒಮ್ಮೊಮ್ಮೆ ಅನಸ್ತೈತಿ ಮೌಶಿ, ಎಲ್ಲಾ ಮುಗದು ಹೋಗೇತಿ, ನನಗೊಬ್ಬಾಕಿಗೆ ಹೇಳಿಲ್ಲ ಅಂತ." ನಕ್ಕರು. ಕಿಟಕಿಯ ಕಡೆ ತಿರುಗಿ ಕೂತರು.

ಇನ್ನು ಹೆಡ್‌ಕ್ಲಾರ್ಕ್ ಸಾಹೇಬರು. ಅವರ ಮುಂದೆ ಯಾರೂ ರೇಡಿಯೊ ಆರಿಸಲಿಲ್ಲ. ಅವರನ್ನೇ ನಡುವೆ ಕೂರಿಸಿ, "ಹೇಳ್ರಿ ಸಾಹೇಬ್ರ, ನೀವು ವೀರನ ತಂದಿ ಇದ್ದೀರಿ" ಅನ್ನುತ್ತಿದ್ದರು. ಹುಡುಗರು ಮೆರವಣಿಗೆ ತೆಗೆದಾಗ ಗೇಟಿನಲ್ಲಿ ನಿಲ್ಲಿಸಿ ಶಾಲು ಹೊದಿಸಿದರು. ಅವರೂ ಕೈ ಎತ್ತಿ ಘೋಷಣೆ ಕೂಗಿದರು. ಸಣ್ಣ ಮೇಡಂ ಬಂದಾಗ ಮೊದಲು ಉರ್ದುವಿಗೆ ಹೊರಳುವವರೂ ಅವರೇ. ಆದರೆ ಅವರ ಚಹಾ ಇಟ್ಟಲ್ಲೇ ಇರುತ್ತಿತ್ತು. ಕೆನೆಗಟ್ಟಿದ ಲೋಟ ಹಾಗೇ ಎತ್ತಿಕೊಂಡು ಬರುತ್ತಿದ್ದೆ. "ಬಿಸಿ ಮಾಡಿ ಕೊಡ್ಲ್ಯಾರಿ?" ಅಂದರೆ, "ಸಾಕಾತು ಮೌಶಿ, ಕುಡದೀನಿ" ಅನ್ನುತ್ತಿದ್ದರು, ತುಂಬಿದ ಲೋಟ ನನ್ನ ಕೈಯಲ್ಲಿರುವಾಗಲೇ.

ಮಳೆ ಹಿಡಿದ ಮೇಲೆ ವಿಶ್ವವಿದ್ಯಾಲಯದಿಂದ ಒಬ್ಬ ಮಹಿಳಾ ಪ್ರೊಫೆಸರ್ ಬಂದರು, ಪ್ರೊಫೆಸರ್ ಬಾಯಿ ಅನ್ನುತ್ತಿದ್ದೆವು. ಮನಸ್ಸಿನ ಶಾಸ್ತ್ರ ಓದಿದವರು. ಯುದ್ಧ ನಡೆದಿರುವಾಗ ಕಲಿಸುವವರ, ಕಚೇರಿಯವರ ಮನಸ್ಸು ಹೇಗಿರುತ್ತದೆ, ಹೆಣ್ಣಿಗೂ ಗಂಡಿಗೂ ಏನು ಫರಕು ಅಂತ ತಿಳಿಯಲು ಬಂದಿದ್ದರು. ದೊಡ್ಡ ಕ್ಲಾಸಿನಲ್ಲಿ ಎಲ್ಲರನ್ನೂ ಕೂರಿಸಿ ಪ್ರಶ್ನೆಗಳ ಹಾಳೆ ಹಂಚಿದರು. ನಿದ್ದೆ ಬರುತ್ತದೆಯೇ, ಊಟ ಸೇರುತ್ತದೆಯೇ, ಸಿಟ್ಟು ಬರುತ್ತದೆಯೇ, ಅಳು ಬರುತ್ತದೆಯೇ, ಹೀಗೆ. ನಾನು ನೀರಿನ ಕೊಡದ ಹತ್ತಿರ ನಿಂತಿದ್ದೆ.

ಗಂಡಸರ ಸಾಲಿನಲ್ಲಿ ಚೇಷ್ಟೆ ಶುರುವಾಯಿತು.

"ನಿದ್ದಿ ಬರತದೇನು ಅಂತ ಕೇಳ್ಯಾರ. ಮೀಟಿಂಗಿನ್ಯಾಗ ಭಾಳ ಬರತದ ಅಂತ ಬರೀಲ್ಯಾ?"

"ನೀವು ಬರೀಬ್ಯಾಡ್ರಿ, ನಿಮ್ಮ ಗೊರಕಿ ನಿರ್ದೇಶಕರಿಗೆ ಗೊತ್ತದ."

"ಅಳು ಬರತದೇನು? ಪಗಾರ ಬಂದ ದಿನ ಬರತದ ನೋಡ್ರಿ."

ಎಲ್ಲ ನಕ್ಕರು. ಹೆಡ್‌ಕ್ಲಾರ್ಕ್ ಸಾಹೇಬರೂ ನಕ್ಕರು. ಎಲ್ಲಕ್ಕೂ 'ಇಲ್ಲ' ಎಂದು ಗೆರೆ ಎಳೆದು ಎಲ್ಲರಿಗಿಂತ ಮೊದಲು ಹಾಳೆ ಕೊಟ್ಟು ಎದ್ದುಹೋದರು. ಹೆಣ್ಣುಮಕ್ಕಳ ಸಾಲಿನಲ್ಲಿ ಗ್ರಂಥಾಲಯದ ಅಕ್ಕ ಬರೆದದ್ದನ್ನು ನೋಡಿ ಪಕ್ಕದವರು ಬರೆದರು, ಅವರದ್ದು ನೋಡಿ ಆಚೆಯವರು. ಪ್ರೊಫೆಸರ್ ಬಾಯಿ ಸೌಮ್ಯವಾಗಿ, "ಒಬ್ಬರದು ಒಬ್ಬರು ನೋಡಿ ಬರೆಯಬೇಡಿ" ಅಂದರು. ಅಕ್ಕ, "ನಮ್ಮೆಲ್ಲಾರದೂ ಒಂದಽ ಅದರಿ ಬಾಯಿ, ಬ್ಯಾರೆ ಏನು ಬರೀಬೇಕು?" ಅಂದಳು. ಸಣ್ಣ ಮೇಡಮ್ಮಿನ ಹತ್ತಿರ ಆ ಬಾಯಿ ಬಹಳ ಹೊತ್ತು ಕೂತರು, ಭುಜದ ಮೇಲೆ ಕೈ ಇಟ್ಟು ಮಾತಾಡಿದರು, ತಮ್ಮ ಫೋನ್ ನಂಬರು ಬರೆದುಕೊಟ್ಟರು. ಹೋಗುವಾಗ ನಿರ್ದೇಶಕರಿಗೆ, ಆ ಹುಡುಗಿಯನ್ನು ನೋಡಿಕೊಳ್ಳಿ ಅಂತ ಹೇಳಿಹೋದರು. ಸಾಹೇಬರ ಮಗನ ಮಾತು ಅವರ ಕಿವಿಗೆ ಯಾರೂ ಹಾಕಿರಲಿಲ್ಲ. ಹಾಳೆಯಲ್ಲಿ 'ಇಲ್ಲ' ಅಂತ ಇದ್ದರೆ ಅವರಿಗಾದರೂ ಹೇಗೆ ತಿಳಿಯಬೇಕು.

ಅದಾಗಿ ಸ್ವಲ್ಪ ದಿನಕ್ಕೆ ಆ ಮಧ್ಯಾಹ್ನ ಬಂತು.

ಊಟದ ಹೊತ್ತು ಮುಗಿದಿತ್ತು. ಹೊರಗೆ ಜಿಟಿಜಿಟಿ ಮಳೆ. ನಾನು ಚಹಾದ ತಾಟು ಹಿಡಿದು ಗಂಡಸರ ಕೋಣೆಯ ಬಾಗಿಲಿಗೆ ಬಂದಾಗ ಒಳಗೆ ಪೇಟೆಯಿಂದ ಬಂದ ಗುಮಾಸ್ತರೊಬ್ಬರು ಮೆಲ್ಲಗೆ ಹೇಳುತ್ತಿದ್ದರು: "ಹುಮ್ನಾಬಾದ್ ಕಾಚ್ ಹೈ ಕತೆ." ಹುಮನಾಬಾದಿನವನದೇ ಅಂತೆ. ಹೈದರಾಬಾದಿನಿಂದ ಮಿಲಿಟರಿ ಗಾಡಿಯಲ್ಲಿ ಹೆಣ ಬರುತ್ತಿದೆಯಂತೆ, ಪೊಲೀಸರು ಹುಮನಾಬಾದಿನಲ್ಲಿ ರಸ್ತೆ ಬಂದೋಬಸ್ತು ಮಾಡಿದ್ದಾರಂತೆ. ಆಮೇಲೆ ಹೆಡ್‌ಕ್ಲಾರ್ಕ್ ಸಾಹೇಬರ ದನಿ: "ಲೇಡೀಸಾಂ ಕೂ ನಕ್ಕೊ ಬೋಲೊ." ಹೆಂಗಸರಿಗೆ ಹೇಳಬೇಡಿ.

ನಾನು ತಾಟು ಒಳಗಿಟ್ಟೆ. ಲೋಟ ಹಂಚದೆ ಹಾಗೇ ಹೊರಗೆ ಬಂದೆ.

ನಿಮ್ಮ ಅಜ್ಜ ತೀರಿಕೊಂಡದ್ದು ಗುಲ್ಬರ್ಗದ ಆಸ್ಪತ್ರೆಯಲ್ಲಿ. ಅದು ನಿಮಗೆ ಗೊತ್ತು. ನನ್ನನ್ನು ಹೇಗೆ ಕರೆದೊಯ್ದರು ಅಂತ ನಾನು ಹೇಳಿಲ್ಲ. "ಸ್ವಲ್ಪ ಅರಾಮ ಇಲ್ಲ, ನೋಡಿಕೊಂಡು ಬರೋಣ ನಡಿ" ಅಂತ ನಮ್ಮ ಮೈದುನ ಬಸ್ಸು ಹತ್ತಿಸಿದ. ಬಸ್ಸಿನಲ್ಲಿ ನಮ್ಮೂರಿನವರು ಇದ್ದರು. ನಾನು ಅವರ ಜೊತೆ ಸಜ್ಜೆಯ ಫಸಲಿನ ಮಾತಾಡಿದೆ. ಮಹಾಗಾಂವದಲ್ಲಿ ಬಸ್ಸು ನಿಂತಾಗ ಕಿತ್ತಳೆ ಕೊಂಡೆ, ರೋಗಿಗೆ ಬೇಕಾಗುತ್ತದೆ ಅಂತ. ಬಸ್ಸಿನವರೆಲ್ಲರಿಗೂ ಗೊತ್ತಿತ್ತು, ನನಗೊಬ್ಬಳಿಗೆ ಗೊತ್ತಿರಲಿಲ್ಲ. ಅವರೆಲ್ಲ ನನ್ನ ಮೇಲಿನ ಕರುಣೆಗೇ ಸುಮ್ಮನಿದ್ದರು. ಆದರೆ ಆ ಕಿತ್ತಳೆ ಕೊಂಡದ್ದು ನೆನಪಾದರೆ ಇಂದಿಗೂ ನನಗೆ ಮೈ ಹಿಡಿಯಾಗುತ್ತದೆ.

ಹೆಣ್ಣುಮಕ್ಕಳ ಕೋಣೆಯಲ್ಲಿ ಸಣ್ಣ ಮೇಡಂ ಒಬ್ಬರೇ ಪತ್ರಿಕೆ ತಿದ್ದುತ್ತ ಕೂತಿದ್ದರು. ನನ್ನ ಬರಿಗೈ ನೋಡಿ ಪೆನ್ನು ಕೆಳಗಿಟ್ಟರು.

"ಏನಾತು ಮೌಶಿ?"

"ಮೇಡಂ, ಅವರು ಉರ್ದುದಾಗ ಮಾತಾಡಾಕತ್ತಾರ. ನನಗ ತಿಳೀತದ. ಇದ್ದದ್ದು ಇದ್ದಂಗ ಹೇಳ್ತೀನಿ, ಅದರಾಗ ಖರೆ ಎಷ್ಟು ಸುಳ್ಳು ಎಷ್ಟು ನನಗ ಗೊತ್ತಿಲ್ಲ" ಅಂದೆ. ಹೇಳಿದೆ. ಒಂದು ಮಾತು ಹೆಚ್ಚು ಹೇಳಲಿಲ್ಲ, ಒಂದು ಕಡಿಮೆ ಮಾಡಲಿಲ್ಲ.

ಅವರು ಅಳುತ್ತಾರೆ ಅಂತ ನಾನು ಹತ್ತಿರ ಸರಿದಿದ್ದೆ. ಅಳಲಿಲ್ಲ. "ಹೆಸರು ಹೇಳಿದ್ರೇನು?" ಅಂದರು. ಇಲ್ಲ ಅಂದೆ. ಎದ್ದು ಸೆರಗು ಸರಿಮಾಡಿಕೊಂಡು ನೆಟ್ಟಗೆ ನಿರ್ದೇಶಕರ ಕೋಣೆಗೆ ನಡೆದರು. ನಾನು ಹಿಂದೆ ಹೋದೆ.

ನಿರ್ದೇಶಕರು ನನ್ನ ಕಡೆ ನೋಡಿದ ನೋಟ ನಾನು ಮರೆತಿಲ್ಲ. ಆದರೆ ಬೈಯಲಿಲ್ಲ, ಬೈಯಲು ಹೊತ್ತೂ ಇರಲಿಲ್ಲ. ಫೋನಿನ ಬೀಗ ತೆಗೆದು ಬೀದರಿಗೆ ಹಚ್ಚಿದರು. ಮಳೆಗೆ ತಂತಿ ಕೆಟ್ಟಿತ್ತು, ಬರೀ ಗುಂಯ್ ಅನ್ನುತ್ತಿತ್ತು. ಹುಮನಾಬಾದಿನ ಪೊಲೀಸ್ ಠಾಣೆಗೆ ಹಚ್ಚಿದರು, ಗಂಟೆ ಹೊಡೆಯಿತು, ಯಾರೂ ಎತ್ತಲಿಲ್ಲ. ಅಷ್ಟರಲ್ಲಿ ಗಂಡಸರೆಲ್ಲ ಬಾಗಿಲಲ್ಲಿ ಕೂಡಿದ್ದರು. ಸಣ್ಣ ಮೇಡಂ ತಾವು ಈಗಲೇ ಹುಮನಾಬಾದಿಗೆ ಹೋಗುವುದಾಗಿ ಹೇಳಿದರು.

ನಿರ್ದೇಶಕರು ಹೇಳಿದರು, "ಒಬ್ಬರಽ ಹೋಗಬ್ಯಾಡ್ರಿ. ಮೌಶಿ, ನೀ ಮೇಡಂ ಕೂಡ ಹೋಗು, ಕೈ ಬಿಡಬ್ಯಾಡ." ಆಮೇಲೆ ಹೆಡ್‌ಕ್ಲಾರ್ಕ್ ಸಾಹೇಬರ ಕಡೆ ತಿರುಗಿದರು. "ಸಾಹೇಬ್ರ, ನೀವೂ ಹೋಗ್ರಿ. ತಹಸೀಲಿನ್ಯಾಗ, ಪೊಲೀಸಿನ್ಯಾಗ ನಿಮಗ ಗುರುತಿನವ್ರು ಇದ್ದಾರ. ಯಾರಂತ ವಿಚಾರಿಸಿ ಬರ್ರಿ."

ಸಾಹೇಬರು, "ಆತ್ರಿ" ಅಂದು ಛತ್ರಿ ತೆಗೆದುಕೊಂಡರು.

ಅಲ್ಲಿ ಅಷ್ಟು ಮಂದಿ ಇದ್ದರು. ಇವರ ಮಗನೂ ಯುದ್ಧದಲ್ಲೇ ಇದ್ದಾನಲ್ಲ ಅಂತ ಒಬ್ಬರಿಗೂ ಹೊಳೆಯಲಿಲ್ಲ. ಹೆಣ ಹುಮನಾಬಾದಿನದು ಅಂತ ಸುದ್ದಿ, ಇವರು ಕಲ್ಯಾಣದವರು, ಗಂಡಸು ಬೇರೆ. ನನಗೂ ಆ ಗಳಿಗೆಯಲ್ಲಿ ಹೊಳೆದಿರಲಿಲ್ಲ.

ಹೊಳೆದದ್ದು ತಹಸೀಲ ಕಚೇರಿಯಲ್ಲಿ. ದಾರಿಯಲ್ಲೇ ಇತ್ತು, ಕೇಳಿಕೊಂಡು ಹೋಗೋಣ ಅಂದರು ಸಾಹೇಬರು. ಮೆಟ್ಟಿಲ ಮೇಲೆ ಗುರುತಿನ ಗುಮಾಸ್ತರೊಬ್ಬರು ಎಲೆ ಅಡಿಕೆ ಮೆಲ್ಲುತ್ತ ನಿಂತಿದ್ದರು.

"ಹೆಸರು ಬಂದಿಲ್ರಿ. ಹುಮನಾಬಾದಿಂದ ಈ ಕಡಿ ಬಂಗ್ಲಾ ಕ್ರಾಸ್ ಮಟ ರಸ್ತಾ ಖಾಲಿ ಇಡ್ರಿ ಅಂತ ಹೇಳ್ಯಾರ, ಅಷ್ಟಽ."

"ಹುಮನಾಬಾದಿಗೇ ಬರೂದಿದ್ರ ಬಂಗ್ಲಾ ಮಟ ಯಾಕ?" ಅಂದರು ಸಾಹೇಬರು.

"ಅದಽ ನಮಗೂ ತಿಳಿವಲ್ತು. ಹುಮನಾಬಾದಿಂದೋ ಕಲ್ಯಾಣದ್ದೋ ಯಾಂವಗ ಗೊತ್ತು?" ಅಂದು ಆತ ಪಿಚಕ್ಕನೆ ಉಗುಳಿ ಒಳಗೆ ಹೋದ.

ಸಾಹೇಬರು ಛತ್ರಿ ಬಿಚ್ಚಲು ಹೋದರು. ಗುಂಡಿ ಸಿಗಲಿಲ್ಲ. ಅದನ್ನು ಹಾಗೇ ಕಂಕುಳಲ್ಲಿ ಇಟ್ಟುಕೊಂಡು ಮಳೆಯಲ್ಲೇ ನಡೆದರು. ಆಗ ನನಗೆ ತಿಳಿಯಿತು. ಸಣ್ಣ ಮೇಡಮ್ಮಿಗೂ ತಿಳಿಯಿತು ಅಂತ ಕಾಣುತ್ತದೆ, ತಮ್ಮ ನಡಿಗೆ ನಿಧಾನ ಮಾಡಿ ಅವರ ಪಕ್ಕಕ್ಕೆ ಬಂದರು.

ಹುಮನಾಬಾದ್ ಬಸ್ಸು ಇರಲಿಲ್ಲ. ಒಂದು ಜೀಪು ಬಂಗ್ಲಾ ಕ್ರಾಸಿನ ತನಕ ಬಿಡುತ್ತೇನೆ ಅಂದಿತು. ನಿಮ್ಮಲ್ಲಿ ಸಣ್ಣವರು ಆ ಕಡೆ ಹೋಗಿಲ್ಲ, ಅದಕ್ಕೆ ರಸ್ತೆ ಹೇಳುತ್ತೇನೆ. ಹೈದರಾಬಾದಿನಿಂದ ಬರುವ ಹೆದ್ದಾರಿಯಲ್ಲಿ ಮೊದಲು ಹುಮನಾಬಾದ ಸಿಗುತ್ತದೆ. ಮುಂದೆ ಬಂದರೆ ಸಸ್ತಾಪುರ ಬಂಗ್ಲಾ. ಅಲ್ಲಿ ಒಂದು ರಸ್ತೆ ಕಲ್ಯಾಣಕ್ಕೆ ಹೊರಳುತ್ತದೆ. ಹೆದ್ದಾರಿ ಮಾತ್ರ ನೆಟ್ಟಗೆ ಮಹಾರಾಷ್ಟ್ರಕ್ಕೆ ಹೋಗುತ್ತದೆ.

ಬಂಗ್ಲಾದಲ್ಲಿ ಇಳಿದಾಗ ಹುಮನಾಬಾದ್ ಕಡೆ ಹೋಗುವ ಲಾರಿಗಳನ್ನೆಲ್ಲ ಪೊಲೀಸರು ಬದಿಗೆ ನಿಲ್ಲಿಸಿದ್ದರು. ಬಸ್ಸೂ ಇಲ್ಲ, ಟೆಂಪೊವೂ ಇಲ್ಲ. ಸಾಹೇಬರು ಹೋಗಿ ಪೊಲೀಸಿನವನನ್ನು ಕೇಳಿದರು. ಅವನಿಗೂ ಹೆಸರು ಗೊತ್ತಿರಲಿಲ್ಲ. ಅಷ್ಟರಲ್ಲಿ ಹುಮನಾಬಾದಿನಿಂದ ಒಂದು ಈರುಳ್ಳಿ ಲಾರಿ ಬಂತು. ಡ್ರೈವರನನ್ನು ಮೇಡಮ್ಮೇ ಕೈ ಮಾಡಿ ನಿಲ್ಲಿಸಿದರು.

"ಅಣ್ಣಾ, ಮಿಲಿಟರಿ ಗಾಡಿ ನೋಡೀರೇನು?"

"ನೋಡಿವಿ ಅಕ್ಕಾ. ಹುಮನಾಬಾದದಾಗ ನಿಂತದ. ಮಂದಿ ಭಾಳ ಕೂಡ್ಯದ, ಹೂವು ಹಾಕಾಕತ್ತಾರ."

"ಇಳಸಾಕತ್ತಾರೇನು?"

"ಅದು ಗೊತ್ತಿಲ್ರಿ. ನಮ್ಮನ್ನ ನಿಲ್ಲಗೊಡಲಿಲ್ಲ, ಮುಂದ ಹಾಕ್ಯಾರ." ಅವನು ಮೇಡಮ್ಮಿನ ಮುಖ ನೋಡಿದ. ಏನೋ ತಿಳಿದು ತಲೆಗೆ ಕಟ್ಟಿದ ವಸ್ತ್ರ ಬಿಚ್ಚಿ ತೊಡೆಯ ಮೇಲೆ ಇಟ್ಟುಕೊಂಡ. ಲಾರಿ ಹೋಯಿತು.

ಇನ್ನು ಕಾಯುವುದು ಬಿಟ್ಟು ಬೇರೆ ಕೆಲಸ ಇರಲಿಲ್ಲ. ರಸ್ತೆಯ ಪಕ್ಕ ಮುಚ್ಚಿದ ಚಹಾದಂಗಡಿಯ ತಗಡಿನ ಕೆಳಗೆ ಮೂವರೂ ನಿಂತೆವು. ನಿಂತಲ್ಲೇ ನನಗೆ ಲೆಕ್ಕ ಬಿಚ್ಚುತ್ತ ಹೋಯಿತು. ಗಾಡಿ ಬಾರದೇ ಹೋದರೆ ಅದು ಹುಮನಾಬಾದಿನಲ್ಲೇ ಉಳಿಯಿತು, ಅಂದರೆ ಮೇಡಮ್ಮಿನ ಮನೆ. ಬಂದು ಕಲ್ಯಾಣದ ಕಡೆ ಹೊರಳಿದರೆ ಸಾಹೇಬರ ಮನೆ. ಬಂದು ನೆಟ್ಟಗೆ ಹೋದರೆ ಯಾರದೋ ಮನೆ. ಇಬ್ಬರೂ ಒಂದೇ ತಗಡಿನ ಕೆಳಗೆ ಒಂದೇ ದಿಕ್ಕಿಗೆ ನೋಡುತ್ತಿದ್ದರು. ಆದರೆ ಒಬ್ಬರಿಗೆ ಆ ಗಾಡಿ ಬರಬೇಕಿತ್ತು, ಇನ್ನೊಬ್ಬರಿಗೆ ಬರಬಾರದಾಗಿತ್ತು.

ನನಗೆ ಯಾವ ದೇವರನ್ನು ಏನು ಬೇಡಬೇಕೋ ತಿಳಿಯಲಿಲ್ಲ. ನಿರ್ದೇಶಕರು ಮೇಡಮ್ಮಿನ ಕೈ ಬಿಡಬೇಡ ಅಂದಿದ್ದರು, ಹಿಡಿದೇ ಇದ್ದೆ. ಆ ಕೈ ತಣ್ಣಗಿತ್ತು, ಗಟ್ಟಿಯಾಗಿತ್ತು. ಸಾಹೇಬರ ಕೈ ಹಿಡಿಯುವವರು ಯಾರೂ ಇರಲಿಲ್ಲ. ನಾನು ವಿಧವೆ, ಪರಗಂಡಸಿನ ಪಕ್ಕ ಕೂತು ಮಾತಾಡಿದವಳೂ ಅಲ್ಲ. ಎರಡು ಸಲ ಹೋಗಬೇಕು ಅನ್ನಿಸಿ ಎರಡು ಸಲವೂ ಹಾಗೇ ನಿಂತೆ.

ಮಳೆ ನಿಂತಿತು. ಬದಿಗೆ ನಿಲ್ಲಿಸಿದ ಲಾರಿಯ ಡ್ರೈವರುಗಳು ಬೀಡಿ ಹಚ್ಚಿ, "ಇನ್ನ ಎಷ್ಟೊತ್ತರೀ ಜಮಾದಾರ್ರ?" ಅಂತ ಪೊಲೀಸಿನವನನ್ನು ಕಾಡುತ್ತಿದ್ದರು. ಮೇಡಂ ಒಮ್ಮೆ ನನ್ನ ಕಡೆ ತಿರುಗಿ, "ಭಾಳ ಹೊತ್ತಾತಲ್ಲ ಮೌಶಿ" ಅಂದರು. ಹೊತ್ತಾದಷ್ಟೂ ಅವರಿಗೆ ಕೆಟ್ಟದ್ದು. ಸಾಹೇಬರು ಕೆಮ್ಮಿದರು.

ಆಗ ತಿರುವಿನಲ್ಲಿ ಪೊಲೀಸ್ ಜೀಪು ಕಂಡಿತು. ಅದರ ಹಿಂದೆ ಹಸಿರು ಗಾಡಿ.

ಮೇಡಮ್ಮಿನ ಕೈ ನನ್ನ ಕೈಯೊಳಗೆ ಸಡಿಲಾಯಿತು. ಅದೇ ಗಳಿಗೆಯಲ್ಲಿ ಸಾಹೇಬರು ತಗಡಿನ ಕಂಬ ಹಿಡಿದುಕೊಂಡರು. ಮೇಡಂ ಅದನ್ನು ನೋಡಿದರು. ನನ್ನ ಕೈ ಬಿಟ್ಟು ಅವರ ಪಕ್ಕಕ್ಕೆ ಹೋಗಿ ನಿಂತರು.

ಕ್ರಾಸಿನಲ್ಲಿ ಜೀಪು ನಿಧಾನ ಮಾಡಿತು. ಗಾಡಿಯೂ ನಿಧಾನ ಮಾಡಿತು. ಪೊಲೀಸಿನವನು ಸೆಲ್ಯೂಟು ಹೊಡೆದ. ಜೀಪಿನಿಂದ ಒಬ್ಬರು ಕತ್ತು ಹೊರಗೆ ಹಾಕಿ ಅವನನ್ನು ಏನೋ ಕೇಳಿದರು, ಅವನು ಕೈ ಚಾಚಿ ರಸ್ತೆ ತೋರಿಸಿದ. ಯಾವ ಕಡೆ ತೋರಿಸಿದ ಅಂತ ನಮಗೆ ಕಾಣಲಿಲ್ಲ, ಅವನ ಬೆನ್ನು ನಮ್ಮ ಕಡೆಗಿತ್ತು. ಸಾಹೇಬರ ತುಟಿಗಳು ಅಲುಗುತ್ತಿದ್ದವು. ಜೀಪು ಹೊರಟಿತು. ಕಲ್ಯಾಣದ ತಿರುವು ಬಿಟ್ಟು ನೆಟ್ಟಗೆ ಹೋಯಿತು. ಹಿಂದೆ ಗಾಡಿ. ಚೆಂಡುಹೂವಿನ ಮಾಲೆಗಳು ನೆನೆದು ಜೋತುಬಿದ್ದಿದ್ದವು. ಗಾಡಿಯ ಪಕ್ಕಕ್ಕೆ ಕಟ್ಟಿದ ಬಟ್ಟೆಯ ಮೇಲೆ ಮರಾಠಿಯಲ್ಲಿ ಊರಿನ ಹೆಸರು ಬರೆದಿತ್ತು, ಗಡಿಯಾಚೆಯ ಯಾವುದೋ ಹಳ್ಳಿ. ಒಳಗೆ ಪೆಟ್ಟಿಗೆಯ ಪಕ್ಕ ಇಬ್ಬರು ಹುಡುಗರು ಬಂದೂಕು ಹಿಡಿದು ಕೂತಿದ್ದರು. ಒಬ್ಬ ತೂಕಡಿಸುತ್ತಿದ್ದ.

ನಾವು ಮೂವರೂ ಕೈ ಮುಗಿದೆವು. ಹೊಟ್ಟೆಯೊಳಗೆ ಅಷ್ಟು ಹಗುರಾಯಿತಲ್ಲ, ಆ ಹಗುರಕ್ಕೇ ನನಗೆ ನಾಚಿಕೆಯಾಯಿತು. ಮುಂದೆ ಯಾವುದೋ ಊರಿನ ಅಗಸೆಬಾಗಿಲಲ್ಲಿ ಒಬ್ಬಳು ಕಾಯುತ್ತಿರುತ್ತಾಳೆ. ಅವಳಿಗೆ ಯಾರು ಏನು ಹೇಳಿ ನಿಲ್ಲಿಸಿರುತ್ತಾರೋ.

ಸಾಹೇಬರು ಅಲ್ಲೇ ಒದ್ದೆ ಕಲ್ಲಿನ ಮೇಲೆ ಕೂತುಬಿಟ್ಟರು. ಕೂತವರು ಅತ್ತರು. ಗಂಡಸು ಹಾಗೆ ದನಿ ತೆಗೆದು ಅತ್ತದ್ದನ್ನು ನಾನು ಅದಕ್ಕೂ ಮೊದಲು ನೋಡಿರಲಿಲ್ಲ. ಲಾರಿಯವರು ನೋಡಿ ಬೇರೆ ಕಡೆ ತಿರುಗಿದರು. ಈ ಸಲ ನಾನು ಯೋಚಿಸಲಿಲ್ಲ. ಹೋಗಿ ಅವರ ಪಕ್ಕದ ಕಲ್ಲಿನ ಮೇಲೆ ಕೂತೆ. ಬೆನ್ನ ಮೇಲೆ ಕೈ ಇಟ್ಟೆ.

ಸ್ವಲ್ಪ ಹೊತ್ತಿಗೆ ಅವರು ಮುಖ ಒರೆಸಿಕೊಂಡು, ಮೇಡಮ್ಮಿನ ಕಡೆ ನೋಡದೆ ಹೇಳಿದರು, "ಯವ್ವಾ, ಗಾಡಿ ಬರಬ್ಯಾಡ ಅಂತ ಬೇಡಕೊಂಡೆ ನಾ. ಬರಬ್ಯಾಡ ಅಂದ್ರ... ನಿನ್ನ ಮನ್ಯಾಗಽ ನಿಲ್ಲಲಿ ಅಂದಂಗ ಆತಲ್ಲ."

ಮೇಡಂ ಅವರೆದುರಿಗೆ ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತರು. "ನಾನೂ ಗಾಡಿ ಬರಲಿ ಅಂತ ಬೇಡಕೊಂಡೆ ಸರ್. ಬಂದು ಎತ್ತಾಗರ ಹೋಗಲಿ ಅಂದೆ. ನಿಮ್ಮ ನೆನಪು ಇತ್ತು. ಇದ್ರೂ ಹಂಗ ಅಂದೆ."

ಪೊಲೀಸಿನವನು ಸೀಟಿ ಊದಿ ರಸ್ತೆ ಬಿಟ್ಟ. ಲಾರಿಗಳು ಒಂದರ ಹಿಂದೊಂದು ಗುಡುಗುತ್ತ ಹೊರಟವು.

ಆಮೇಲೆ ಏನಾಯಿತು ಅಂತ ನೀವು ಕೇಳುತ್ತೀರಿ. ಆ ಮಳೆಗಾಲ ಮುಗಿಯುವುದರೊಳಗೆ ಯುದ್ಧ ನಿಂತಿತು. ಸಾಹೇಬರ ಮಗ, ಮೇಡಮ್ಮಿನ ಯಜಮಾನರು, ಇಬ್ಬರೂ ಮುಂದೆ ತಮ್ಮ ತಮ್ಮ ರಜೆಗೆ ಬಂದುಹೋದರು. ಆದರೆ ಆ ಮಧ್ಯಾಹ್ನ ಅದು ಯಾರಿಗೂ ಗೊತ್ತಿರಲಿಲ್ಲ. ನಾಳೆ ಮತ್ತೊಂದು ಗಾಡಿ ಬರುವುದಿಲ್ಲ ಅಂತ ಯಾರು ಹೇಳಬೇಕು.

ಮೇಡಂ ಕೇಳಿದರು, "ಸರ್, ನಿಮ್ಮ ಮಗನ ಹೆಸರೇನು?"

ಅಷ್ಟು ದಿನ ಅವನು ವೀರನಾಗಿದ್ದ, ಸಾಹೇಬರ ಮಗನಾಗಿದ್ದ. ಹೆಸರನ್ನು ನಾನೂ ಕೇಳಿರಲಿಲ್ಲ. ಸಾಹೇಬರು ಹೇಳಿದರು. ಮನೆಯಲ್ಲಿ ಕರೆಯುವ ಹೆಸರು ಬೇರೆ, ಅದನ್ನೂ ಹೇಳಿದರು.

"ಇವತ್ತು ದೀಪಾ ಹಚ್ಚೂ ಮುಂದ ಅವನ ಹೆಸರೂ ತಗೋತೀನ್ರಿ" ಅಂದರು ಮೇಡಂ.

"ನಾನೂ ಹೇಳತೀನಿ ಯವ್ವಾ. ನಿಮ್ಮ ಯಜಮಾನ್ರ ಹೆಸರೇನು?"

ನಮ್ಮ ಕಡೆ ಹೆಣ್ಣುಮಕ್ಕಳು ಗಂಡನ ಹೆಸರು ಹೇಳುವುದಿಲ್ಲ. ಮದುವೆಯಲ್ಲಿ, ಬಸುರಿಗೆ ಮಾಡುವ ಕುಬಸದಲ್ಲಿ ಬಾಗಿಲು ತಡೆದು ಪೀಡಿಸಿದರೆ ಒಡಪಿನ ಪದ್ಯದೊಳಗೆ ಅಡಗಿಸಿ ಹೇಳಿ ಸೆರಗಿನಲ್ಲಿ ಮುಖ ಮುಚ್ಚಿಕೊಳ್ಳುತ್ತೇವೆ. ಮೇಡಂ ಎಷ್ಟು ಓದಿದವರಾದರೂ ಅಷ್ಟು ವರ್ಷ ಬಸ್ಸಿನಲ್ಲಿ ನನ್ನ ಜೊತೆ 'ನಮ್ಮವರು' ಅಂತಲೇ ಮಾತಾಡಿದ್ದರು. ಅವರು ಒಮ್ಮೆ ನನ್ನ ಕಡೆ ನೋಡಿದರು. ನಾನು ಹೂಂ ಅಂತ ಗೋಣು ಹಾಕಿದೆ.

ಒಡಪಿಲ್ಲದೆ, ಬರೀ ಹೆಸರನ್ನೇ ಹೇಳಿದರು. ಲಾರಿಗಳ ಗದ್ದಲದಲ್ಲಿ ಸಾಹೇಬರಿಗೆ ಕೇಳಿಸಲಿಲ್ಲ. ಕಿವಿಗೆ ಕೈ ಇಟ್ಟು ಮುಂದಕ್ಕೆ ಬಾಗಿದರು. ಮೇಡಂ ಇನ್ನೊಮ್ಮೆ, ಈ ಸಲ ಕೂಗಿ ಹೇಳಿದರು.